ಗ್ರಂಥಕರ್ತನ ಕೌಲು
(ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಾಡಿದ ಭಾಷಣ)



ಸಾಹಿತ್ಯ ಸಭೆಯಲ್ಲಿ ಹಣದ ಮಾತನ್ನೆತ್ತುವುದು ಅರಸಿಕತನವೆಂದು ಕೆಲವರು ಎಣಿಸಬಹುದು. ಆದರೆ ನಾವು ನೆರೆದಿರುವ ಸ್ಥಳದ ಹೆಸರೇ ಆ ಮಾತಿಗೆ ಎಡೆಮಾಡಿಕೊಟ್ಟಿದೆ. ಕೌಲು ಎಂದರೆ ಭರವಸೆಯ ಬರಹ, ಒಡಂಬಡಿಕೆಯ ಪತ್ರ. ಬಜಾರಿಗೆ ಕೌಲಿನ ಹೆಸರುಂಟು. ನಮ್ಮ ಗ್ರಂಥಕರ್ತರಲ್ಲಿ ಬಹುಮಂದಿಗೆ ತಮ್ಮ ಗ್ರಂಥದ ಕೌಲೇ ಇಲ್ಲ.

ಕನ್ನಡದ ಪುಸ್ತಕವು ತ್ಯಾಗದಿಂದ ಬೆಳೆದುದು ನಿಜ. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1926ರಲ್ಲಿ ಇದೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಫ. ಗು. ಹಳಕಟ್ಟಿಯವರು ನಮ್ಮಂತೆಯೇ ವಕೀಲರು. ವಚನಗಳನ್ನು ಬೆಳಕಿಗೆ ತರುವುದಕ್ಕಾಗಿ ಮನೆಯನ್ನು ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಆ ಮಹನೀಯರಿಗೆ ಕೈಮುಗಿಯೋಣ. ಆದರೆ ತಿಳಿದು ಕೊಟ್ಟದ್ದು ತ್ಯಾಗ. ತಿಳಿಯದೆ ಕಳೆದುಕೊಂಡದ್ದು ನಷ್ಟ. ಎರಡನ್ನೂ ಒಂದೆಂದು ಭಾವಿಸಬಾರದು.

ವೃದ್ಧ ಉಪಾಧ್ಯಾಯರೊಬ್ಬರು ಒಮ್ಮೆ ನಮ್ಮಲ್ಲಿಗೆ ಬಂದರು. ಅವರ ಪುಸ್ತಕವು ನಾಲ್ಕು ಬಾರಿ ಅಚ್ಚಾಗಿತ್ತು. ಅವರಿಗೆ ದೊರೆತದ್ದು ಇಪ್ಪತ್ತೈದು ಪ್ರತಿಗಳು, ಒಂದು ಶಾಲು. ಮಡದಿಯ ಔಷಧೋಪಚಾರಕ್ಕಾಗಿ ಅವರು ಸಾಲ ಮಾಡಿದ್ದ ಕಾಲವದು. “ಪ್ರಕಾಶಕರು ಮನೆಯವರಂತೆ, ಕಾಗದ ಕೇಳಲು ನಾಚಿಕೆಯಾಯಿತು” ಎಂದರು. ಅವರು ಯಾವ ಪತ್ರಕ್ಕೂ ಸಹಿ ಹಾಕಿರಲಿಲ್ಲವಾದ್ದರಿಂದ ಕೃತಿಸ್ವಾಮ್ಯವು ಅವರ ಕೈಬಿಟ್ಟಿರಲೇ ಇಲ್ಲ. ಅದು ಮಾತ್ರ ಅವರಿಗೆ ತಿಳಿದಿರಲಿಲ್ಲ!

1957ರ ಕೃತಿಸ್ವಾಮ್ಯ ಶಾಸನವು ಲೇಖಕನ ಬೆನ್ನಿಗೆ ನಿಂತಿದೆ. ಸಹಿಮಾಡಿದ ಬರಹವಿಲ್ಲದೆ ಸ್ವಾಮ್ಯವು ಇನ್ನೊಬ್ಬನಿಗೆ ವರ್ಗವಾಗದು. ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು 5 ವರ್ಷಗಳೆಂದೇ ಅರ್ಥ. ಹಕ್ಕು ಪಡೆದವನು ಒಂದು ವರ್ಷದೊಳಗೆ ಅದನ್ನು ಉಪಯೋಗಿಸದಿದ್ದರೆ, ಪತ್ರದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಆ ಹಕ್ಕು ಅಳಿಯುತ್ತದೆ. ಲೇಖಕನು ಗತಿಸಿದ ಮೇಲೆಯೂ 60 ವರ್ಷಗಳವರೆಗೆ ಸ್ವಾಮ್ಯವು ಬಾಳುತ್ತದೆ. ಆದುದರಿಂದ ಇದು ಮಕ್ಕಳ ಅನ್ನದ ಪ್ರಶ್ನೆಯೂ ಹೌದು.

ಪ್ರಕಾಶಕನು ನಮ್ಮ ವೈರಿಯಲ್ಲ. ಕಾಗದ, ಅಚ್ಚು, ಕಟ್ಟು, ಮಾರಾಟಗಾರನ ವಟ್ಟ ಇವೆಲ್ಲವನ್ನೂ ಮುಂಗಡವಾಗಿ ತೆರುವವನು ಅವನೇ. ಅವನಿಗೂ ಕರಾರು ರಕ್ಷೆಯೇ ಸರಿ. ಎಷ್ಟು ಪ್ರತಿ, ಯಾವ ಬೆಲೆ, ಬೆಲೆಯಲ್ಲಿ ನೂರಕ್ಕೆಷ್ಟು ಗೌರವಧನ, ಲೆಕ್ಕ ಒಪ್ಪಿಸುವ ದಿನ ಯಾವುದು ಎಂಬುದನ್ನು ಮೊದಲೇ ಬರೆಯಿಸಿರಿ. ಭಾಷಾಂತರದ ಹಕ್ಕನ್ನೂ ಚಲಚ್ಚಿತ್ರದ ಹಕ್ಕನ್ನೂ ಬೇರೆಯಾಗಿ ಇಟ್ಟುಕೊಳ್ಳಿರಿ. “ಸಕಲ ಹಕ್ಕುಗಳೂ ಶಾಶ್ವತವಾಗಿ” ಎಂಬ ಮಾತು ಕಂಡಲ್ಲಿ ಲೇಖನಿಯನ್ನು ಕೆಳಗಿಡಿರಿ.

ಬಂಧುಗಳೇ! 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರನ್ನು ಸೇರಿತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಬಾಯಿಮಾತಿನ ಭರವಸೆಗೆ ತಣಿಯದೆ ನಾಡಿನ ಮೇರೆಯನ್ನು ಶಾಸನದಲ್ಲಿ ಬರೆಯಿಸಿಕೊಂಡ ಜನರು ನಾವು. ನಾಡಿಗಾಗಿ ಕೇಳಿದ ಕಾಗದವನ್ನು ನುಡಿಯ ದುಡಿಮೆಗಾಗಿ ಕೇಳಲು ನಾಚುವುದೇಕೆ?