ಮಕ್ಕಳ ಕೈಗೆ ಕೆಲಸ ಕೊಡ್ರಿ



ಈ ಸಲ ದೀಪಾವಳಿ ರಜೆಗೆ ಮೊಮ್ಮಕ್ಕಳನ್ನ ಕರಕೊಂಡು ಪುಣೆಯಿಂದ ತವರಿಗೆ ಹೋಗಿದ್ದೆ. ಒಂದಿನ ಎಲ್ಲಾರೂ ಕೂಡಿ ಬುತ್ತಿ ಕಟಗೊಂಡು ಗೊಟಗೋಡಿ ಉತ್ಸವ ರಾಕ್ ಗಾರ್ಡನ್‌ಗೆ ಹೋದ್ವಿ. ನಿಮ್ಮೊಳಗ ಭಾಳ ಮಂದಿ ನೋಡೀರಿ. ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೊಂಟ್ರ ಶಿಗ್ಗಾಂವಿ ಹತ್ತಿರ ಹೆದ್ದಾರಿ ಬಾಜೂಕೇ ಅದ. ದೊಡ್ಡಾಟಕ್ಕೂ ದುಡಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಅಲ್ಲಿ ನಮ್ಮ ಕಡೆಯ ಒಂದು ಇಡೀ ಹಳ್ಳಿಯನ್ನ ಮೂರ್ತಿಗಳಾಗಿ ನಿಲ್ಲಿಸ್ಯಾರ. 2020ರಾಗ ಅವರು ತೀರಿಕೊಂಡ್ರು. ಅವರು ಕಟ್ಟಿದ ಊರು ಹಂಗ ಅದ.

ರಾಜಕುಮಾರ್ ಅವರ ಪಾತ್ರಗಳ ಮೂರ್ತಿ ಮುಂದ ನಿಂತು ಸಣ್ಣ ಮೊಮ್ಮಗ, "ಇವರೆಲ್ಲಾ ಅಣ್ಣತಮ್ಮಂದಿರೇನು?" ಅಂದ. ನಮ್ಮಣ್ಣಗ ಅಷ್ಟ ಸಾಕಾತು. ಅಲ್ಲೇ ನಿಂತು ಒಂದೊಂದ ಸಿನಿಮಾದ ಕಥಿ ಶುರು ಮಾಡಿದ. ಮುಗಿಯೂದ್ರಾಗ ಎಲ್ಲಾರ ಕಣ್ಣೂ ಬುತ್ತಿ ಮ್ಯಾಲ!

ಮೂರ್ತಿ ನೋಡಿ ಮಕ್ಕಳು ಖುಷಿಪಟ್ರು ಖರೆ. ಆದ್ರ ಬಾಯಿ ಬಿಟ್ಟದ್ದು ಸಂಜಿಮುಂದ, ಧಾರವಾಡದ ನಮ್ಮ ಮನಿ ಹಿತ್ತಲದಾಗ. ಅಲ್ಲಿ ಬೀಸೂಕಲ್ಲು ಇನ್ನೂ ಅದ. ಒಂದ ಹಿಡಿ ಜೋಳ ಹಾಕಿ ಗೂಟ ಹಿಡಿಸಿದೆ. ಮೊದಲಿಗೆ ಕಲ್ಲು ಜಪ್ಪಯ್ಯ ಅನ್ನಲಿಲ್ಲ. ಇಬ್ಬರೂ ಎದುರುಬದುರು ಕಾಲು ಚಾಚಿ ಕೂತು ಜಗ್ಗಿದ್ರು, ಅಂಚಿನಿಂದ ತರಿತರಿ ಹಿಟ್ಟು ಉದುರಿತು. "ಅಜ್ಜಿ ಇನ್ನಷ್ಟು ಹಾಕು!" "ಏ, ನೀ ಜಗ್ಗು, ನಿಲ್ಲಿಸಬ್ಯಾಡ!" ಮನಿಯಾಗ ಇಂಗ್ಲಿಷಿನಾಗ ಜಗಳಾಡೋ ಮಕ್ಕಳು ಅಲ್ಲಿ ಕನ್ನಡದಾಗ ಜಗಳಾಡಿದ್ರು.

ಕನ್ನಡ ಮಾತಾಡ್ರಿ ಅಂತ ಹಗಲೂರಾತ್ರಿ ಮಕ್ಕಳಿಗೆ ಹೇಳ್ತೀವಿ. ಕನ್ನಡದಾಗ ಮಾಡ್ಲಿಕ್ಕೆ ಒಂದ ಕೆಲಸ ಕೊಟ್ಟೀವೇನು?

ನನ್ನ ಮಾತು ಇನ್ನ ಕಸೂತಿ ಕಡೆ ಹೊಳ್ಳತದ ಅಂತ ನನ್ನ ಬಲ್ಲವರಿಗೆ ಗೊತ್ತು. ಅದರ ಹೊಲಿಗಿ ಅಂದ್ರ ಗವಂತಿ, ಮುರಗಿ, ನೇಗಿ, ಮೆಂತೆ. ಬಟ್ಟಿ ಮ್ಯಾಲ ಪೆನ್ಸಿಲ್ ಗೆರಿ ಎಳಿಯೂ ಹಂಗಿಲ್ಲ, ಎಳಿ ಎಣಿಸೇ ಹಾಕಬೇಕು. ಗವಂತಿಯೊಳಗ ಹೋಗೂವಾಗ ನಡುನಡುವ ಜಾಗ ಬಿಡಬೇಕು, ಬರೂವಾಗ ಬಿಟ್ಟದ್ದು ತುಂಬಕೋತ ಬರಬೇಕು. ಗಂಟು ಹಾಕೂದಿಲ್ಲ. ಹದವಾಗಿ ಬಿದ್ರ ಎರಡೂ ಕಡೆ ಒಂದ ಚಿತ್ರ. ನಮ್ಮವ್ವನ ಇಳಕಲ್ ಸೀರಿ ಸೆರಗಿನಾಗ ತೇರು, ಗೋಪುರ, ತುಳಸಿಕಟ್ಟಿ, ಆನಿ ಅಂಬಾರಿ ಎಲ್ಲಾ ಇದ್ದವು. ಇವತ್ತ ಮಶೀನಿನ ಕಸೂತಿ ಅಗ್ಗಕ್ಕ ಸಿಗತದ. ಅದನ್ನ ತಿರುವಿ ಹಿಂಬದಿ ನೋಡ್ರಿ, ಬರೇ ದಾರದ ಸಿಕ್ಕು. ಕಸೂತಿಗೆ ಭೌಗೋಳಿಕ ಸೂಚಿಕೆ ಸಿಕ್ಕದ, ಭಾಳ ಛಲೋ. ಸೂಜಿ ಹಿಡಿಯೋ ಕೈ ಬೇಕಲ್ಲ?

ಇಲ್ಲಿ ಪುಣೆಯ ನಮ್ಮ ಸಂಘದ ಸಭಾಭವನ ರವಿವಾರ ಮುಂಜಾನೆ ಖಾಲಿ ಬಿದ್ದಿರತದ. ಅಧ್ಯಕ್ಷರೆ, ಕೀಲಿ ನನಗ ಕೊಡ್ರಿ. ಸೂಜಿ, ದಾರ, ಬಟ್ಟಿ ನಾ ತರ್ತೀನಿ. ಹೆಣ್ಣುಹುಡುಗರನ್ನಷ್ಟ ಅಲ್ಲ, ಗಂಡುಹುಡುಗರನ್ನೂ ಕಳಸ್ರಿ. ಬರೋ ರವಿವಾರ ಹತ್ತು ಗಂಟೆಗೆ ಶುರು ಮಾಡೂಣು.