ದಿಮಿತ್ರಿ: ಥಾಣೆಗೆ ಬಂದು ನೆಲೆಯೂರದ ಹೆಸರು



ರಷ್ಯದ ಮನೆಮನೆಯಲ್ಲಿ ಕೇಳಿಬರುವ ದಿಮಿತ್ರಿ ಎಂಬ ಹೆಸರು ಇಂದಿನ ಈ ದತ್ತಿ ಉಪನ್ಯಾಸದಲ್ಲಿ ನನ್ನ ವಿಷಯ. ರೈಲು ಹಿಡಿದು ಬಂದದ್ದು ಇದನ್ನು ಕೇಳಲಿಕ್ಕೇ ಎಂದು ಬೇಸರಪಡಬೇಡಿ. ಈ ಹೆಸರಿನ ಚರಿತ್ರೆಯ ಒಂದು ಪುಟ ಥಾಣೆಯದು.

ಗ್ರೀಕರ ಧಾನ್ಯದೇವತೆ ದೆಮೆತೆರ್. ಆಕೆಗೆ ಸೇರಿದವನು ದೆಮೆತ್ರಿಯೋಸ್; ಅದರ ರಷ್ಯನ್ ರೂಪವೇ ದಿಮಿತ್ರಿ. ಕ್ರಿಸ್ತಪೂರ್ವ 2ನೆಯ ಶತಮಾನದ ಆರಂಭದಲ್ಲಿ ಈ ಹೆಸರಿನ ಬಾಕ್ಟ್ರಿಯದ ಗ್ರೀಕ್ ಅರಸ ಹಿಂದೂಕುಶ್ ದಾಟಿ ಈಚೆಗೆ ಬಂದ. ನಾಸಿಕದ ಪಾಂಡವಲೇಣಿಯ ಒಂದು ಶಾಸನದಲ್ಲಿ ಇಂದ್ರಾಗ್ನಿದತ್ತನೆಂಬ ದಾನಿ ತಾನು ದತ್ತಾಮಿತ್ರಿಯಿಂದ ಬಂದ ಯವನನೆಂದು ಹೇಳಿಕೊಂಡಿದ್ದಾನೆ. ಆ ಊರಿಗೆ ಈ ಅರಸನಿಂದಲೇ ಹೆಸರು ಬಂತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಕನ್ನಡ ಬೈಬಲಿನಲ್ಲಿ ಪೌಲನ ವಿರುದ್ಧ ಗಲಭೆ ಎಬ್ಬಿಸುವ ಎಫೆಸದ ಅಕ್ಕಸಾಲಿಗ ದೇಮೇತ್ರಿಯನದೂ ಇದೇ ಹೆಸರು.

ದೇವಿಯ ಹೆಸರು ಕ್ರೈಸ್ತರ ಹೆಸರಾದದ್ದು ಥೆಸಲೋನಿಕದ ಹುತಾತ್ಮ ಸಂತ ದೆಮೆತ್ರಿಯೋಸನಿಂದ. 988ರಲ್ಲಿ ಕೀವಿನ ಅರಸ ವ್ಲಾದಿಮಿರ್ ಕ್ರೈಸ್ತ ಮತ ಸ್ವೀಕರಿಸಿದ. ಬಳಿಕ ಮಕ್ಕಳಿಗೆ ಸಂತರ ಪಂಚಾಂಗ ನೋಡಿ ಹೆಸರಿಡುವ ರೂಢಿ ಬೆಳೆಯಿತು. 1154ರಲ್ಲಿ ಅರಸ ಯೂರಿ ದೊಲ್ಗೊರೂಕಿ ಮಗ ಹುಟ್ಟಿದ್ದಕ್ಕೆ ಈ ಸಂತನ ಹೆಸರಿನಲ್ಲಿ ದ್ಮಿತ್ರೋವ್ ಪಟ್ಟಣವನ್ನೇ ಕಟ್ಟಿಸಿದ. 1380ರಲ್ಲಿ ಕುಲಿಕೋವೊ ಕಾಳಗ ಗೆದ್ದವನು ಮಾಸ್ಕೋದ ದಿಮಿತ್ರಿ. ಮೂಲವಸ್ತುಗಳ ಕೋಷ್ಟಕ ಕೊಟ್ಟ ಮೆಂಡಲೀವ್, ಸಂಗೀತಗಾರ ಶೋಸ್ತಕೋವಿಚ್, ಕಾದಂಬರಿಯ ಕರಮಜೋವ್ ಸಹೋದರರಲ್ಲಿ ಹಿರಿಯ, ಎಲ್ಲರೂ ದಿಮಿತ್ರಿಗಳೇ. ಮನೆಯಲ್ಲಿ ಕರೆಯುವಾಗ ದೀಮಾ, ಇಲ್ಲವೆ ಮೀತ್ಯಾ.

ಈಗ ಥಾಣೆಯ ಮಾತು. 1321ರಲ್ಲಿ ಹೋರ್ಮುಜ್‌ನಿಂದ ಕೊಲ್ಲಂಗೆ ಹೊರಟ ಕೆಲವು ಫ್ರಾನ್ಸಿಸ್ಕನ್ ಪಾದ್ರಿಗಳ ಹಡಗು ಥಾಣೆಗೆ ಬಂದು ಸೇರಿತು. ಅವರ ಜೊತೆಯಲ್ಲಿ ಜಾರ್ಜಿಯದ ತಿಬ್ಲಿಸಿಯ ದೆಮೆತ್ರಿಯೋಸ್ ಇದ್ದ. ಹಲವು ಭಾಷೆ ಬಲ್ಲ ಆತನೇ ಅವರ ದುಭಾಷಿ. ಇಲ್ಲಿನ ನೆಸ್ತೋರಿಯನ್ ಕ್ರೈಸ್ತರ ಮನೆಯಲ್ಲಿ ಇಳಿದುಕೊಂಡರು. ಆ ಮನೆಯ ಗಂಡಹೆಂಡಿರ ಜಗಳ ಕಾಜಿಯವರೆಗೆ ಹೋಗಿ, ಅಲ್ಲಿ ಧರ್ಮದ ವಾದವಾಗಿ, ಏಪ್ರಿಲ್‌ನಲ್ಲಿ ನಾಲ್ವರ ಕೊಲೆಯಲ್ಲಿ ಮುಗಿಯಿತು. ಅವರಲ್ಲಿ ದೆಮೆತ್ರಿಯೋಸನೂ ಒಬ್ಬ. ಜತೆಗಾರ ಜೋರ್ಡಾನಸ್ ಶವಗಳನ್ನು ಸೋಪಾರಾದಲ್ಲಿ ಹೂಳಿಸಿದ. ಮುಂದೆ ಓದೋರಿಕ್ ಎಂಬ ಯಾತ್ರಿಕ ಅಸ್ಥಿಗಳನ್ನು ಚೀನಾಕ್ಕೆ ಒಯ್ದ.

ಒಂದೇ ಹೆಸರು ರಷ್ಯದಲ್ಲಿ ಬೇರೂರಿತು, ಥಾಣೆಯಲ್ಲಿ ಊರಲಿಲ್ಲ. ರಷ್ಯದಲ್ಲಿ ಅದಕ್ಕೆ ಚರ್ಚಿನ ಪಂಚಾಂಗವಿತ್ತು, ಅರಮನೆಯಿತ್ತು, ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಮನೆಗಳಿದ್ದವು. ಥಾಣೆಗೆ ಬಂದವನು ಒಂಟಿ ದುಭಾಷಿ. ಹೆಸರು ಹರಡುವುದು ಅದರ ಅರ್ಥದಿಂದಲ್ಲ, ಇಂಪಿನಿಂದಲೂ ಅಲ್ಲ. ವರ್ಷವರ್ಷವೂ ಅದನ್ನು ಕೂಗಿ ಕರೆಯುವ ವ್ಯವಸ್ಥೆಯಿಂದ.

ದತ್ತಿಯೂ ಅಂಥದೇ ವ್ಯವಸ್ಥೆ. ಹಿರಿಯರ ಹೆಸರನ್ನು ಅದು ವರ್ಷಕ್ಕೊಮ್ಮೆಯಾದರೂ ಸಭೆಯಲ್ಲಿ ಹೇಳಿಸುತ್ತದೆ. ಆದರೆ ದತ್ತಿ ಇಡುವ ಶಕ್ತಿ ಎಲ್ಲರಿಗೂ ಇಲ್ಲ. ಊರು ಬಿಟ್ಟು ಬಂದು ಇಲ್ಲಿ ಹೋಟೆಲು, ಗಿರಣಿ, ಕಚೇರಿಗಳಲ್ಲಿ ದುಡಿದ ಕನ್ನಡಿಗರ ಹೆಸರು, ಊರು, ಕಸುಬುಗಳನ್ನು ನಮ್ಮ ಸಂಘಗಳು ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡಲಿ. ಆ ಕೆಲಸ ಈ ವರ್ಷವೇ ಆರಂಭವಾಗಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.