ಎಡಚನ ಮೊದಲ ಗುರಿಕೋವಿ

ಸಂತೆಕಟ್ಟೆಯ ನಮ್ಮ ಎಡಚ ಶಿಷ್ಯನೊಬ್ಬನು ಗುರಿಕೋವಿಯನ್ನೂ ಅದರ ಮೇಲಣ ದುರ್ಬೀನನ್ನೂ ಕೊಳ್ಳಹೊರಟು ನಮ್ಮ ಅಭಿಪ್ರಾಯವನ್ನು ಕೇಳಿದನು. ಊಟದೆಲೆಯ ಮುಂದೆ ಎಡಗೈಯನ್ನು ಗದರಿಸಿದ ಅಜ್ಜಯ್ಯನವರು ಕೋವಿಗೂ ಬಲಭುಜವನ್ನೇ ವಿಧಿಸಿದ್ದರು. ನಾವಾದರೋ ಮೊದಲು ಕಣ್ಣನ್ನು ಪರೀಕ್ಷಿಸಿದೆವು. ಎರಡು ಕಣ್ಣುಗಳನ್ನೂ ತೆರೆದು ದೂರದ ತೆಂಗಿನ ತುದಿಗೆ ಬೆರಳಿಡಿಸಿದೆವು; ಬಲಗಣ್ಣನ್ನು ಮುಚ್ಚಲು ಬೆರಳು ಕದಲಲಿಲ್ಲ, ಎಡಗಣ್ಣನ್ನು ಮುಚ್ಚಲು ಪಕ್ಕಕ್ಕೆ ಸರಿಯಿತು. ಎಡಗಣ್ಣೇ ಒಡೆಯನಾದ ಮೇಲೆ ಕೋವಿಯೂ ಎಡಭುಜಕ್ಕೇ ಸಲ್ಲತಕ್ಕದ್ದು. ಬಲಗೈಯವರ ಕೋವಿಯಲ್ಲಿ ಕೆನ್ನೆಯ ಆಸರೆ ತಪ್ಪು ಮಗ್ಗುಲಲ್ಲಿರುವುದು. ತಲೆ ವಾಲಿದರೆ ಗುರಿಯೂ ವಾಲಿತು. ದುರ್ಬೀನಿನ ಹಣವನ್ನು ಉಳಿಸೆಂದೆವು: 10 ಮೀಟರಿನ ಗಾಳಿಕೋವಿಯ ಒಲಿಂಪಿಕ್ ಪಂದ್ಯದಲ್ಲಿ ಅದಕ್ಕೆ ಎಡೆಯಿಲ್ಲ, ಕಿರುರಂಧ್ರದ ನೋಟವೊಂದೇ ಗತಿ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಪಡೆದುದೂ ಹೀಗೆಯೇ. ಅಲ್ಲಿ ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು! ಎರಡು ಭುಜಕ್ಕೂ ಒಗ್ಗುವ 4.5 ಮಿಲಿಮೀಟರಿನ ಗಾಳಿಕೋವಿಯೊಂದನ್ನು ಹುಡುಗನು ಗೊತ್ತುಮಾಡಿಕೊಂಡಿದ್ದಾನೆ. ಅಜ್ಜಯ್ಯನವರು ಇನ್ನೂ ಒಪ್ಪಿಲ್ಲ.